'ನೆ' ಎಲ್ಲಿ ಅಂಟಿದೆ ನೋಡು

ಪ್ರೀತಿಯ ಪುಟ್ಟಿ,

ಇತಿಹಾಸ ಓದಲು ಜರ್ಮನಿಗೆ ಹೋದವಳಿಗೆ ಲ್ಯಾಟಿನ್ ಪರೀಕ್ಷೆ ಗಂಟುಬಿದ್ದಿದೆ ಅಂತ ನಿನ್ನಪ್ಪ ಹೇಳಿದ. ವಿಭಕ್ತಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೀಯಂತೆ. ಪ್ರಶ್ನೆ ಕೇಳುವ ವಾಕ್ಯ ಬಂದಾಗ ಮಾತ್ರ ತಡವರಿಸುತ್ತೀಯಂತೆ. ನೀನು ಇಂಗ್ಲಿಷ್ ದಾರಿ ಹಿಡಿದಿದ್ದೀಯ, ಅದೇ ಎಡವಟ್ಟು. ಅಲ್ಲಿ ಪದಗಳ ಜಾಗ ಅದಲುಬದಲು ಮಾಡಬೇಕು, ಇಲ್ಲವೇ 'ಡಿಡ್' ತಂದು ನಿಲ್ಲಿಸಬೇಕು. ಲ್ಯಾಟಿನ್‌ಗೆ ಆ ರಗಳೆ ಇಲ್ಲ. ಕನ್ನಡದಲ್ಲೇ ಯೋಚಿಸು.

ನಾವು ಅನುಮಾನ ಇರುವ ಪದದ ಕೊನೆಗೆ 'ಆ' ಹಚ್ಚುತ್ತೇವೆ, ಅಲ್ವಾ? 'ಮಾರ್ಕಸ್ ಬಂದನಾ?' ಅಂದರೆ ಬಂದದ್ದರ ಬಗ್ಗೆ ಅನುಮಾನ. 'ಮಾರ್ಕಸ್ಸಾ ಬಂದಿದ್ದು?' ಅಂದರೆ ಬಂದವನ ಬಗ್ಗೆ. ಲ್ಯಾಟಿನ್ನಿನ 'ನೆ' ಮಾಡುವುದೂ ಇದನ್ನೇ. 'ವೇನಿತ್‌ನೆ ಮಾರ್ಕುಸ್?' ಒಂದು, 'ಮಾರ್ಕುಸ್‌ನೆ ವೇನಿತ್?' ಇನ್ನೊಂದು. 'ನೆ' ಅಂಟಿದ ಪದ ಸಾಮಾನ್ಯವಾಗಿ ವಾಕ್ಯದ ಮೊದಲಿಗೆ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ. ಉತ್ತರವೂ ನಮ್ಮ ಹಾಗೇ. 'ವೆನಿಸ್‌ನೆ?' ಅಂದರೆ 'ವೆನಿಯೋ'. ಬರ್ತೀಯಾ, ಬರ್ತೀನಿ.

'ನೆ' ಯಾವ ಕಡೆಗೂ ವಾಲುವುದಿಲ್ಲ. 'ನೋನ್ನೆ' ಬಂದರೆ ಕೇಳುವವನಿಗೆ ಹೌದು ಅನ್ನಿಸಿಕೊಳ್ಳಬೇಕಿದೆ: ಬಂದ, ಅಲ್ವಾ? 'ನುಮ್' ಬಂದರೆ ಇಲ್ಲ ಅನ್ನಿಸಿಕೊಳ್ಳಬೇಕು: ಬಂದಿಲ್ಲ ತಾನೇ? ಇತಿಹಾಸ ಓದುವವಳಿಗೆ ಇದು ಸುಮ್ನೆ ವ್ಯಾಕರಣ ಅಲ್ಲ. ಕೇಳಿದವನ ಮನಸ್ಸು ಅಲ್ಲೇ ಸಿಗುತ್ತದೆ.

ಅಭ್ಯಾಸಕ್ಕೆ ಪಠ್ಯಪುಸ್ತಕದ ಒಣ ವಾಕ್ಯಗಳನ್ನು ಬಿಡು. ಕ್ರಿ.ಪೂ. 63ರ ನವೆಂಬರಿನಲ್ಲಿ ರೋಮಿನ ವಾಗ್ಮಿ ಸಿಸೆರೊ ಸೆನೆಟ್ಟಿನಲ್ಲಿ, ಸರ್ಕಾರ ಉರುಳಿಸಲು ಹೂಟ ಹೂಡಿದ್ದ ಕ್ಯಾಟಿಲಿನನ ಮೇಲೆ ಎಗರಿದ ಭಾಷಣ ತೆಗೆ. ಮೊದಲ ಪ್ಯಾರಾ ಪೂರ್ತಿ ಪ್ರಶ್ನೆಗಳೇ. 'ಕ್ವೋ ಊಸ್ಕ್ವೆ ತಾಂದೆಮ್' ಅಂತ ಶುರು. ಇನ್ನೂ ಎಲ್ಲಿಯವರೆಗೆ ಮಾರಾಯಾ ನಮ್ಮ ತಾಳ್ಮೆ ಕೆಡಿಸುತ್ತೀಯ ಅನ್ನುವ ದನಿ. ಆ ಸಿಡುಕೆಲ್ಲ 'ತಾಂದೆಮ್' ಒಂದರಲ್ಲೇ ಇದೆ. ಸ್ವಲ್ಪ ಮುಂದೆ 'ನಿಹಿಲ್‌ನೆ ತೇ' ಬರುತ್ತದೆ. 'ನಿಹಿಲ್' ಅಂದರೆ ಏನೂ ಇಲ್ಲ. ಪ್ರಶ್ನೆ ಅಂಟಿರುವುದು ಆ ಪದಕ್ಕೇ. ಪಾಲಟೈನ್ ಬೆಟ್ಟದ ರಾತ್ರಿ ಕಾವಲು ಕಂಡು ನಿನಗೆ ಒಂಚೂರೂ ಏನೂ ಅನ್ನಿಸಲಿಲ್ವಾ? 'ನೆ' ಇರುವುದು ಮೊದಲ 'ನಿಹಿಲ್'ಗೆ ಮಾತ್ರ. ಆಮೇಲೆ ಬರುವ ಐದು 'ನಿಹಿಲ್'ಗಳು ಅದೇ ಜೋರಿನಲ್ಲಿ ಓಡುತ್ತವೆ.

ಅದರ ಬೆನ್ನಿಗೇ 'ನೋನ್ ಸೆಂತಿಸ್'. ನಿನ್ನ ಹೂಟ ಬಯಲಾದದ್ದು ಗೊತ್ತಾಗುತ್ತಿಲ್ವಾ? ಇಲ್ಲಿ 'ನೆ'ಯೂ ಇಲ್ಲ, 'ನೋನ್ನೆ'ಯೂ ಇಲ್ಲ. ದನಿಯಿಂದಲೇ ಪ್ರಶ್ನೆ. ಸಿಸೆರೊ ಕಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇರಲಿಲ್ಲ. ನಿನ್ನ ಪುಸ್ತಕದಲ್ಲಿರುವ ಚಿಹ್ನೆ ಸಂಪಾದಕರು ಹಾಕಿದ್ದು. ಅದನ್ನು ನಂಬಿ ಕೂರಬೇಡ, ಜೋರಾಗಿ ಓದಿ ನೋಡು.

ಅದೇ ಪ್ಯಾರಾದಲ್ಲಿ ನಿನ್ನನ್ನು ನಿಜವಾಗಿ ಕಾಡುವ ವಾಕ್ಯವೂ ಇದೆ. ನಿನ್ನೆ ರಾತ್ರಿ, ಅದರ ಹಿಂದಿನ ರಾತ್ರಿ ಏನು ಮಾಡಿದೆ, ಎಲ್ಲಿದ್ದೆ, ಯಾರನ್ನು ಸೇರಿಸಿದೆ, ಏನು ತೀರ್ಮಾನ ಮಾಡಿದೆ ಅನ್ನೋದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ? ಪ್ರಶ್ನೆಯ ಹೊಟ್ಟೆಯೊಳಗೆ ನಾಲ್ಕು ಪ್ರಶ್ನೆ. ನಾವು 'ಅನ್ನೋದು' ಹಾಕಿ ಮುಗಿಸುತ್ತೇವೆ, ಕ್ರಿಯಾಪದ ಇದ್ದ ಹಾಗೇ ಇರುತ್ತದೆ. ಲ್ಯಾಟಿನ್ನಿನಲ್ಲಿ ಒಳಗಿನ ಕ್ರಿಯಾಪದವೇ ಸಬ್‌ಜಂಕ್ಟಿವ್ ಅನ್ನುವ, ನೇರ ಹೇಳಿಕೆಗೆ ಬಳಸದ ಬೇರೆ ರೂಪಕ್ಕೆ ಬದಲಾಗುತ್ತದೆ. 'ಎಲ್ಲಿದ್ದೆ' ಅಂತ ನೇರವಾಗಿ ಕೇಳಿದರೆ 'ಉಬಿ ಫುಯಿಸ್ತೀ', ಒಳಗೆ ಹೋದರೆ 'ಉಬಿ ಫುಯೆರಿಸ್'. ಇಲ್ಲಿ ಕನ್ನಡ ಕೈಹಿಡಿಯುವುದಿಲ್ಲ, ಕಲಿತೇ ತೀರಬೇಕು. ನಾಲ್ಕೂ ಕ್ರಿಯಾಪದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕು.

ಇನ್ನೊಂದು ಮಾತು. 'ನುಮ್' ಹೀಗೆ ಒಳಗೆ ಹೋದಾಗ ಇಲ್ಲ ಅನ್ನುವ ವಾಲಿಕೆ ಬಿಟ್ಟು ಬರೀ 'ಓ ಇಲ್ಲವೋ' ಆಗುತ್ತದೆ. ಬಹಳ ಜನ ಇಲ್ಲೇ ಜಾರುತ್ತಾರೆ. 'ಆನ್' ಕೂಡ ಹಾಗೇ ಬರುತ್ತದೆ. ರೋಮನ್ ಪ್ರಾಂತ್ಯವೊಂದರ ಗವರ್ನರ್ ಆಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ 'ನೀವು ಕ್ರೈಸ್ತರೋ ಅಂತ ಅವರನ್ನೇ ಕೇಳಿದೆ' ಅನ್ನುತ್ತಾನಲ್ಲ, ಅಲ್ಲಿರುವುದು 'ಆನ್ ಎಸ್ಸೆಂತ್'. ಒಪ್ಪಿಕೊಂಡವರನ್ನು ಶಿಕ್ಷೆಯ ಬೆದರಿಕೆ ಹಾಕಿ ಎರಡನೇ ಸಲ, ಮೂರನೇ ಸಲ ಕೇಳಿದನಂತೆ. ಆ ಪತ್ರ ನಿನ್ನ ವಿಷಯಕ್ಕೂ ಬೇಕಾದೀತು. ಸಿಸೆರೊ ಆದ ಮೇಲೆ ಓದು.

'ಊತ್ರುಮ್', 'ನೆಕ್ನೆ' ಅನ್ನುವ ಉಳಿದ ಪ್ರಶ್ನೆಪದಗಳನ್ನೆಲ್ಲ ಆಮೇಲೆ ನೋಡೋಣ. ಈ ವಾರ ಆ ಒಂದು ಪ್ಯಾರಾ ಸಾಕು. ಮೊದಲು ಕನ್ನಡಕ್ಕೆ ತಿರುಗಿಸು, ಆಮೇಲೆ ಪುಸ್ತಕ ಮುಚ್ಚಿ ನಿನ್ನ ಕನ್ನಡದಿಂದ ವಾಪಸ್ ಲ್ಯಾಟಿನ್‌ಗೆ ತಿರುಗಿಸು. ಎರಡನ್ನೂ ಫೋಟೋ ತೆಗೆದು ಕಳಿಸು, ತಿದ್ದಿ ಕಳಿಸುತ್ತೇನೆ.

ನಿನ್ನ
ದೊಡ್ಡಪ್ಪ