ಒಂದೇ ಬಿಲ್ಲು, ಎರಡು ವಿಭಾಗ: ಉಬ್ಬಿದ ಅಡುಗೆಮನೆ ನೆಲದ ಬಗ್ಗೆ ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ವಿನೈಲ್ ಪ್ಲ್ಯಾಂಕ್ ನೆಲ ಮತ್ತು ಅಂಡರ್‌ಫ್ಲೋರ್ ಹೀಟಿಂಗ್ ಜೋಡಣೆಯಲ್ಲಿ ಆಗಿರುವ ತಪ್ಪುಗಳು

ಮಾನ್ಯರೇ,

ನಮ್ಮ ಅಡುಗೆಮನೆಯ ನವೀಕರಣಕ್ಕೆ ಕ್ಲಿಕ್ ಮಾದರಿಯ ವಿನೈಲ್ ಪ್ಲ್ಯಾಂಕ್ (ಅಂಚಿನ ಲಾಕ್‌ನಿಂದ ಒಂದಕ್ಕೊಂದು ಕೂಡುವ ಪ್ಲಾಸ್ಟಿಕ್ ಹಲಗೆ), ನೆಲ ಬಿಸಿ ಮಾಡಲು ಹಲಗೆಯ ಕೆಳಗೆ ಹಾಸುವ ಎಲೆಕ್ಟ್ರಿಕ್ ಹೀಟಿಂಗ್ ಮ್ಯಾಟ್ (ಜಾಲರಿಗೆ ಕೂಡಿಸಿದ ಕೇಬಲ್), ಹಲಗೆಯಡಿಯ ಪದರವಾದ ಅಂಡರ್‌ಲೇ, ಬಿಸಿ ನಿಯಂತ್ರಿಸುವ ಥರ್ಮೋಸ್ಟಾಟ್ ಎಲ್ಲವನ್ನೂ ನಿಮ್ಮಲ್ಲೇ ಕೊಂಡೆವು. ಜೋಡಿಸಿದ್ದೂ ನಿಮ್ಮ ಫಿಟ್ಟರ್‌ಗಳೇ. ಹೀಟಿಂಗ್ ಇರುವ ನೆಲಕ್ಕೆ ಟೈಲ್ಸ್ ಒಳ್ಳೆಯದಲ್ವಾ ಅಂತ ನಾನು ಮೊದಲೇ ಕೇಳಿದ್ದೆ. "ಈ ವಿನೈಲ್ ಕೂಡ ಹೀಟಿಂಗ್‌ಗೆ ಆಗುತ್ತದೆ, ನೀರು ಬಿದ್ದರೂ ಚಿಂತೆಯಿಲ್ಲ" ಎಂದು ನಿಮ್ಮ ಮಾರಾಟದವರು ಹೇಳಿದರು. ಅದು ಸುಳ್ಳಲ್ಲ. ಆದರೆ ಅದಕ್ಕೆ ಷರತ್ತುಗಳಿವೆ. ಅವನ್ನು ನಿಮ್ಮವರು ನಮಗೂ ಹೇಳಲಿಲ್ಲ, ತಾವೂ ಪಾಲಿಸಲಿಲ್ಲ.

ಈಗ ಸಿಂಕ್ ಮುಂದಿನ ಹಲಗೆಗಳು ಉಬ್ಬಿವೆ. ಕಾಲಿಟ್ಟರೆ ಟಕ್ ಅಂತ ಕೆಳಗೆ ಕೂರುತ್ತವೆ, ಕಾಲು ತೆಗೆದರೆ ಮತ್ತೆ ಏಳುತ್ತವೆ. ಅಡುಗೆಮನೆ ನಡುವಿನ ಕ್ಯಾಬಿನೆಟ್, ಅಂದರೆ ಐಲ್ಯಾಂಡ್, ಅದರ ಪಕ್ಕದಲ್ಲಿ ಲಾಕ್ ಬಿಟ್ಟು ಸಂದು ತೆರೆದಿದೆ. ಗುಡಿಸಿದ ಕಸವೆಲ್ಲ ಅಲ್ಲೇ ಸೇರುತ್ತದೆ.

ಕಾರಣಕ್ಕೆ ದೂರ ಹುಡುಕಬೇಕಿಲ್ಲ. ಹಲಗೆಯ ಪೆಟ್ಟಿಗೆಯೊಳಗಿನ ಸೂಚನೆಯಲ್ಲೇ ಇದೆ: ನೆಲದ ಮೇಲ್ಭಾಗ 27 ಡಿಗ್ರಿ ಸೆಲ್ಸಿಯಸ್ ದಾಟಬಾರದು. ನೆಲ ಎಷ್ಟು ಕಾದಿದೆ ಅಂತ ಥರ್ಮೋಸ್ಟಾಟ್‌ಗೆ ತಿಳಿಯಬೇಕಾದರೆ ನೆಲದೊಳಗೆ ಸೆನ್ಸರ್ ಇರಬೇಕು. ನಮ್ಮ ಮನೆಯಲ್ಲಿ ಆ ಸೆನ್ಸರ್ ವೈರು ಸುತ್ತಿದ್ದು ಸುತ್ತಿದಂತೆಯೇ ಥರ್ಮೋಸ್ಟಾಟಿನ ಡಬ್ಬಿಯಲ್ಲಿ ಬಿದ್ದಿದೆ! ಸೆಟ್ಟಿಂಗ್‌ನಲ್ಲಿ ಕೋಣೆಯ ಗಾಳಿಯ ಬಿಸಿ ಮಾತ್ರ ಆಯ್ಕೆಯಾಗಿದೆ. ಅಂದರೆ ಗಾಳಿ 21 ಡಿಗ್ರಿಗೆ ಬರುವವರೆಗೂ ಮ್ಯಾಟ್ ಬಿಸಿಯಾಗುತ್ತಲೇ ಇರುತ್ತದೆ, ಹಲಗೆಯ ಗತಿ ಏನಾದರೂ ಆಗಲಿ. "ನೀವೇ ಬಿಸಿ ಜಾಸ್ತಿ ಇಟ್ಟಿದ್ದೀರಿ" ಎಂದು ಫೋನಿನಲ್ಲಿ ಹೇಳಿದವರು ಬಂದು ಆ ಡಬ್ಬಿ ತೆರೆದು ನೋಡಲಿ.

ಇನ್ನು ಅಂಡರ್‌ಲೇ. ಶಾಖ ತಡೆಯುವ ಪದರ ಇರಬೇಕಾದದ್ದು ಮ್ಯಾಟ್‌ನ ಕೆಳಗೆ. ನಿಮ್ಮವರು ದಪ್ಪ ಫೋಮ್ ಅನ್ನು ಮೇಲೆ ಹಾಸಿದ್ದಾರೆ. ಒಲೆಗೆ ಕಂಬಳಿ ಹೊದಿಸಿದ ಹಾಗಾಯಿತು. ಮೇಲಕ್ಕೆ ಬಿಸಿ ಬರುವುದು ತಡ, ಕರೆಂಟ್ ಖರ್ಚು ಜಾಸ್ತಿ. ಸಾಲದ್ದಕ್ಕೆ ಮೆತ್ತಗಿನ ಫೋಮ್ ಕುಸಿದಾಗಲೆಲ್ಲ ಲಾಕ್ ಮೇಲೆ ಭಾರ ಬೀಳುತ್ತದೆ.

ಗೋಡೆಯಂಚಿನಲ್ಲಿ ಹಲಗೆಗಳು ಬಿಸಿಗೆ ಹಿಗ್ಗಲು ಜಾಗ ಸರಿಯಾಗಿಯೇ ಬಿಟ್ಟಿದ್ದಾರೆ, ಅದನ್ನು ಒಪ್ಪುತ್ತೇನೆ. ಆದರೆ ಐಲ್ಯಾಂಡನ್ನು ಹಲಗೆಗಳ ಮೇಲೆಯೇ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಆ ಜಾಗ ಇದ್ದೇನು ಬಂತು? ನೆಲ ಅಲುಗಾಡುವಂತೆಯೇ ಇಲ್ಲ. ಅದರಡಿಗೂ ಮ್ಯಾಟ್ ಎಳೆದಿದ್ದಾರೆ. ಮೇಲೆ ಕ್ಯಾಬಿನೆಟ್ ಕೂತಿರುವ ಕಡೆ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಕೆಲಸ ನಡೆಯುವಾಗ ತೆಗೆದ ಫೋಟೋಗಳಲ್ಲಿ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ಫ್ಲೋರಿಂಗ್ ವಿಭಾಗ ಹೀಟಿಂಗ್‌ನವರ ತಪ್ಪು ಅನ್ನುತ್ತದೆ. ಹೀಟಿಂಗ್ ವಿಭಾಗ ಹಲಗೆಯದೇ ದೋಷ ಅನ್ನುತ್ತದೆ. ನಮ್ಮ ಕೈಯಲ್ಲಿರುವುದು ಒಂದೇ ಬಿಲ್ಲು. ಆದ್ದರಿಂದ ಎರಡೂ ಕೆಲಸ ಬಲ್ಲ ಒಬ್ಬರನ್ನು ಕಳಿಸಿ. ನೆಲ ಬಿಚ್ಚುವ ಮೊದಲು, ಆಮೇಲೂ, ಮ್ಯಾಟ್‌ನ ಕೇಬಲ್ ರೆಸಿಸ್ಟೆನ್ಸ್ (ವಿದ್ಯುತ್ ಪ್ರತಿರೋಧ) ಅನ್ನು ನಮ್ಮೆದುರು ಮೀಟರಿನಲ್ಲಿ ಅಳೆದು ಬರೆದುಕೊಡಲಿ. ಆಮೇಲೆ ಕೇಬಲ್ ಹಾಳಾದರೆ ಯಾರಿಂದ ಅನ್ನುವ ಜಗಳ ಬೇಡ. ಐಲ್ಯಾಂಡ್ ಅಡಿಯ ಮ್ಯಾಟ್ ಭಾಗವನ್ನು ಸುಮ್ನೆ ಕತ್ತರಿಸಿ ತೆಗೆಯುವ ಯೋಚನೆ ಬೇಡ. ಹೀಟಿಂಗ್ ಕೇಬಲ್ ಕತ್ತರಿಸುವಂತಿಲ್ಲ, ಕತ್ತರಿಸಬಹುದಾದದ್ದು ಜಾಲರಿ ಮಾತ್ರ. ಖಾಲಿ ನೆಲದ ಅಳತೆಗೆ ಹೊಂದುವ ಹೊಸ ಮ್ಯಾಟ್ ಹಾಕಿ. ಸೆನ್ಸರನ್ನು ಪೈಪಿನೊಳಗೆ ಇಳಿಸಿ, ಮುಂದೆ ಕೆಟ್ಟರೆ ಎಳೆದು ಬದಲಿಸಬಹುದು. ಥರ್ಮೋಸ್ಟಾಟ್‌ನಲ್ಲಿ 27 ಡಿಗ್ರಿಯ ಮಿತಿ ಹಾಕಿ. ಅಂಡರ್‌ಲೇ ಹೀಟಿಂಗ್‌ಗೆ ಹೊಂದುವ ತೆಳುವಾದದ್ದಿರಲಿ. ಹಲಗೆಗಳನ್ನು ಪೂರ್ತಿ ಬದಲಿಸಿ. ಬೇರೆ ಬ್ಯಾಚಿನವನ್ನು ನಡುನಡುವೆ ಸೇರಿಸಿದರೆ ಬಣ್ಣ ಹೊಂದುವುದಿಲ್ಲ.

ಇದಕ್ಕೆ ನಾವು ಮತ್ತೆ ಹಣ ಕೊಡುವುದಿಲ್ಲ. ಹೀಟಿಂಗ್ ಸದ್ಯಕ್ಕೆ ಬಂದ್ ಮಾಡಿದ್ದೇವೆ. ಕೆಲಸ ಯಾವಾಗ ಶುರು ಎಂದು 15 ದಿನದೊಳಗೆ ಲಿಖಿತವಾಗಿ ತಿಳಿಸಿ. ಇಲ್ಲದಿದ್ದರೆ ಇದೇ ಪತ್ರ, ಫೋಟೋಗಳ ಜೊತೆ ಗ್ರಾಹಕರ ದೂರು ಕೇಳುವವರ ಮುಂದೆ ಹೋಗುತ್ತದೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಹಲಗೆಯ ಸೂಚನೆ ಚೀಟಿ, ಫೋಟೋಗಳು