ಗೆಳೆಯನಿಗೊಂದು ಪತ್ರ: ಮೊದಲು ಗಾಡಿ ಕೆಳಗೆ ನುಸುಳು

ಪ್ರೀತಿಯ ದೋಸ್ತ,

ನೀನು ಕಳಿಸಿದ ಫೋಟೋ ಎಲ್ಲಾ ನೋಡಿದೆ. ನಿಮ್ಮ ಮಾವಾರ ಮೆಣಸಿನಕಾಯಿ ಗೋದಾಮಿನ ಹಿಂದೆ ನಿಂತಿರುವುದು ಮಹೀಂದ್ರಾ ಎಫ್‌ಸಿ 150, ಜೀಪಿನಿಂದ ಹುಟ್ಟಿದ ಹಳೆ ಸಣ್ಣ ಲಾರಿ, ಅನುಮಾನವೇ ಬೇಡ. ಆದರೆ ಎಲ್ಲಾ ಫೋಟೋ ಮೂತಿಯವೇ. ಹೊಟ್ಟೆ ಕೆಳಗಿನದು ಒಂದೂ ಇಲ್ಲ. ಕಡಿಮೆ ರೊಕ್ಕದಲ್ಲಿ, ಮನೆಯಲ್ಲೇ ಇದನ್ನು ರೆಡಿ ಮಾಡಬಹುದಾ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಇರುವುದು ಹೊಟ್ಟೆ ಕೆಳಗೇ.

ಮಾಡಬಹುದು. ನನ್ನ ಗಾಡಿ ಧಾರವಾಡದ ನಮ್ಮ ಹಿತ್ತಲಲ್ಲೇ ಎದ್ದು ನಿಂತಿತು, ನೀನೇ ನೋಡಿದ್ದೀಯಲ್ಲ. ಆದರೆ ಎಲ್ಲರೂ ಮಾಡುವ ಹಾಗೆ ಮಾಡಬೇಡ. ಎಲ್ಲರೂ ಮೊದಲು ಎಂಜಿನ್ ಚಾಲೂ ಮಾಡುತ್ತಾರೆ, ಆ ಸದ್ದಿನ ಖುಷಿಯೇ ಬೇರೆ. ಆಮೇಲೆ ಬಣ್ಣ ಹೊಡೆಸುತ್ತಾರೆ, ನಾಲ್ಕು ಮಂದಿ ನೋಡಿ ಹೊಗಳಲಿ ಅಂತ. ಅಷ್ಟೊತ್ತಿಗೆ ರೊಕ್ಕ ಖಾಲಿ, ಬ್ರೇಕು ಮಾತ್ರ ಹಾಗೇ. ಹೊರಗೆ ಫಳಫಳ ಹೊಳೆಯುತ್ತಾ, ಗೇಟು ದಾಟಲಾಗದೆ ನಿಂತ ಗಾಡಿಗಳನ್ನು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ನನ್ನ ಲೆಕ್ಕ ಉಲ್ಟಾ. ಗಾಡಿ ಮೊದಲು ನಿಲ್ಲುವುದನ್ನು ಕಲಿಯಬೇಕು, ಆಮೇಲೆ ಓಡುವುದನ್ನು. ಚೆಂದ ಕಾಣುವುದು ಕಟ್ಟಕಡೆಗೆ.

ಅದಕ್ಕೂ ಮುಂಚೆ ಆರ್‌ಸಿ ಹುಡುಕಿಸು. ಮಾವಾರ ಟ್ರಂಕಿನಲ್ಲಿ ಎಲ್ಲೋ ಇರುತ್ತದೆ. ಇಷ್ಟು ಹಳೆ ನಂಬರು ಈಗಿನ ಕಂಪ್ಯೂಟರ್ ದಾಖಲೆಯಲ್ಲಿ ಸಿಗದೇ ಇರಬಹುದು. ಹಾಗಿದ್ದರೆ ಹಾವೇರಿ ಆರ್‌ಟಿಓ ಆಫೀಸಿಗೆ ನೀನೇ ಹೋಗಿ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸುವ ಬಗ್ಗೆ ಕೇಳು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ ಅಂತ ಯಾರೋ ಹೇಳಿದರು ಅಂದೆಯಲ್ಲ, ಅದು ನಿಜ. 2021ರಲ್ಲಿ ಕೇಂದ್ರದವರು ತಂದ ನಿಯಮ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ನಡೆಯುತ್ತದೆ, ನವೀಕರಣಕ್ಕೆ 5,000. ಆದರೆ ಅದು ಬಾಡಿಗೆ, ವ್ಯಾಪಾರದ ಗಾಡಿಗಲ್ಲ. ದಿನಾ ರೋಡಿಗೆ ಇಳಿಸುವ ಹಾಗೂ ಇಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಅಷ್ಟೇ. ಚೀಲ ಹೇರಿಕೊಂಡು ಬ್ಯಾಡಗಿ ಮಾರ್ಕೆಟಿಗೆ ಹೋಗುವ ಆಸೆ ನಿನಗಿದ್ದರೆ ಆ ದಾರಿ ಬೇಡ. ಗೂಡ್ಸ್ ಗಾಡಿಯಾಗಿಯೇ ಇಟ್ಟುಕೊಂಡು ಫಿಟ್ನೆಸ್ ಮಾಡಿಸು.

ಇನ್ನೊಂದು. ಇಂಥ ಎಷ್ಟೋ ಗಾಡಿಗಳಿಗೆ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ನಿನ್ನದರಲ್ಲಿ ಏನಿದೆ ನೋಡು. ಎಂಜಿನ್ ನಂಬರು, ಚಾಸಿಸ್ ನಂಬರು ಎರಡೂ ಆರ್‌ಸಿ ಜೊತೆ ತಾಳೆಯಾಗಬೇಕು. ಇಲ್ಲದಿದ್ದರೆ ಅದನ್ನು ಸರಿ ಮಾಡಿಸಿಕೊಳ್ಳುವವರೆಗೆ ಒಂದು ನಟ್ಟೂ ಕೊಳ್ಳಬೇಡ.

ಈಗ ಕೆಳಗೆ ನುಸುಳು. ನಮ್ಮ ಕಡೆಯ ಗಾಡಿಗಳನ್ನು ತಿನ್ನುವುದು ಮಳೆಯಲ್ಲ, ಎರೆ ಮಣ್ಣು. ಒಮ್ಮೆ ಚಾಸಿಸ್ ಸಂದಿಗೆ ಹೊಕ್ಕರೆ ಕಲ್ಲಾಗಿ ಕೂರುತ್ತದೆ, ಪ್ರತಿ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಗ ಬಿಡುವುದಿಲ್ಲ. ಅದರ ಹಿಂದೆ ಕಬ್ಬಿಣ ಸುಮ್ನೆ ಜಂಗು ಹಿಡಿಯುತ್ತಿರುತ್ತದೆ. ಪಾಟಾ (ಪಟ್ಟಿ ಸ್ಪ್ರಿಂಗ್) ಸೇರುವ ಜಾಗ, ಕ್ಯಾಬಿನ್ ಕೂರುವ ಜಾಗ, ಹಿಂದಿನ ಅಡ್ಡಪಟ್ಟಿ, ಇಲ್ಲೆಲ್ಲಾ ಮಣ್ಣು ಕೆರೆದು ತೆಗೆ. ಆಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಸತ್ತದ್ದು ಡಬ್ ಅನ್ನುತ್ತದೆ. ಡಬ್ ಅಂದಲ್ಲಿ ಹಳೆ ಸ್ಕ್ರೂಡ್ರೈವರ್ ಒತ್ತಿ ನೋಡು, ಒಳಗೆ ಹೋದರೆ ಸೀಮೆಸುಣ್ಣದಿಂದ ಗುರುತು ಹಾಕು. ಗುರುತು ಒಂದೆರಡು ಇದ್ದರೆ ತಟ್ಟೆ ಹಾಕಿ ವೆಲ್ಡ್ ಮಾಡಿಸಬಹುದು. ಪಾಟಾ ಕೂರುವ ಜಾಗವೇ ಹೋಗಿದ್ದರೆ ನನಗೆ ಫೋನ್ ಮಾಡು, ಬೇರೆ ಮಾತಾಡೋಣ. ಚಾಸಿಸ್ ನಂಬರ್ ಹೊಡೆದ ಜಾಗದ ಹತ್ತಿರ ಮಾತ್ರ ವೆಲ್ಡಿಂಗ್, ಗ್ರೈಂಡರ್ ಎರಡೂ ಬರಬಾರದು. ಆ ನಂಬರು ಅಳಿಸಿತೋ, ಆಫೀಸಿನಲ್ಲಿ ನಿನ್ನನ್ನು ಕಳ್ಳನ ಹಾಗೆ ನೋಡುತ್ತಾರೆ.

ಜಾಕ್ ಹಾಕುವಾಗ ಹುಷಾರು. ಇದನ್ನು ಎರಡು ಸಲ ಓದು. ಈ ಗಾಡಿಯ ಹ್ಯಾಂಡ್‌ಬ್ರೇಕ್ ಗಾಲಿಗಳಿಗೆ ಹಿಡಿಯುವುದಿಲ್ಲ. ಗೇರ್‌ಬಾಕ್ಸ್ ಹಿಂದಿನ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಅದರ ಹಿಂದೆ, ಹಿಂದಿನ ಗಾಲಿಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವಲ್ಲಿ ಒಂದು ಸಣ್ಣ ಡ್ರಮ್ ಇದೆ, ಅದನ್ನು ಹಿಡಿಯುತ್ತದೆ. ಶಾಫ್ಟ್ ನಿಂತಿದ್ದರೂ ಡಿಫರೆನ್ಶಿಯಲ್ (ಎರಡು ಗಾಲಿಗಳ ನಡುವಿನ ಗೇರು ಗುಂಡು) ಇರುವುದರಿಂದ ಗಾಲಿಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ತಿರುಗಬಹುದು. ಹಿಂದಿನ ಒಂದೇ ಗಾಲಿ ಎತ್ತಿದೆ ಅಂದುಕೋ. ಗಾಳಿಯಲ್ಲಿರುವ ಗಾಲಿ ಹಿಂದಕ್ಕೆ ತಿರುಗುತ್ತದೆ, ನೆಲದಲ್ಲಿರುವುದು ಮುಂದಕ್ಕೆ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದೇ ಇರುತ್ತದೆ, ಗಾಡಿ ಜಾಕ್‌ನಿಂದ ಜಾರಿ ನಿನ್ನ ಮೇಲೆ ಬರುತ್ತದೆ. ಗೇರಿನಲ್ಲಿಟ್ಟರೂ ಅದೇ ಕಥೆ. ಅದಕ್ಕೇ ನೆಲದ ಮೇಲಿನ ಗಾಲಿಗಳಿಗೆ ಹಿಂದೆ ಮುಂದೆ ದಪ್ಪ ಕಟ್ಟಿಗೆ ಕೊಡು. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡ, ಸ್ಟ್ಯಾಂಡ್ ಇಡು. ಇಟ್ಟಿಗೆ ಪೇರಿಸಬೇಡ, ಭಾರಕ್ಕೆ ಒಡೆಯುತ್ತವೆ.

ಬ್ರೇಕು. ಆ ಕಾಲದ ಗಾಡಿಗೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಂದೇ, ನಾಲ್ಕೂ ಗಾಲಿಗೆ ಅದೇ. ಎಲ್ಲೋ ಒಂದು ಕಡೆ ಪೈಪು ಸೋರಿದರೆ ನಾಲ್ಕೂ ಹೋದವು. ಅದಕ್ಕೇ ಮೊದಲ ರೊಕ್ಕ ಇಲ್ಲಿಗೆ ಅನ್ನುತ್ತೇನೆ. ಪೈಪು, ರಬ್ಬರ್ ಹೋಸ್, ಸಿಲಿಂಡರ್ ಒಳಗಿನ ರಬ್ಬರ್ ಕಪ್ ಎಲ್ಲಾ ಹೊಸದು ಹಾಕು. ಗಾಲಿ ಸಿಲಿಂಡರ್‌ಗಳನ್ನು ಬಿಚ್ಚಿ, ಒಳಗೆ ಬೆರಳು ಆಡಿಸಿ ನೋಡು. ನಿಂತ ಗಾಡಿಯಲ್ಲಿ ಪಿಸ್ಟನ್ ಕೂತಿದ್ದ ಜಾಗದಲ್ಲಿ ಕೆಳಭಾಗಕ್ಕೆ ಸಣ್ಣ ಗುಳಿ ಬಿದ್ದಿರುತ್ತವೆ, ಉಗುರಿಗೆ ಸಿಗುತ್ತವೆ. ಯಾಕಂದರೆ ಬ್ರೇಕ್ ಆಯಿಲ್ ಗಾಳಿಯ ನೀರು ಹೀರುತ್ತದೆ, ಆ ನೀರು ಕಬ್ಬಿಣ ತಿನ್ನುತ್ತದೆ. ಉಗುರಿಗೆ ಸಿಕ್ಕರೆ ಹೊಸ ಕಪ್ ಹಾಕಿಯೂ ಉಪಯೋಗವಿಲ್ಲ, ಸಿಲಿಂಡರೇ ಬದಲಿಸು. ತೊಳೆಯುವಾಗ ಡೀಸೆಲ್, ಚಿಮಣಿ ಎಣ್ಣೆ ಮುಟ್ಟಿಸಬೇಡ. ಎಷ್ಟೋ ಮಿಸ್ತ್ರಿಗಳು ಅಭ್ಯಾಸಬಲದಿಂದ ಅದರಲ್ಲೇ ಅದ್ದುತ್ತಾರೆ. ಒಂದು ಹನಿ ಉಳಿದರೂ ರಬ್ಬರ್ ಉಬ್ಬಿ ಬ್ರೇಕ್ ಹಿಡಿದುಕೊಳ್ಳುತ್ತದೆ. ಸ್ಪಿರಿಟ್ ಇಲ್ಲವೇ ಬ್ರೇಕ್ ಆಯಿಲ್‌ನಲ್ಲೇ ತೊಳಿ.

ಬಿಡಿಭಾಗ ಸಿಗುತ್ತವಾ ಅಂತ ನಿನ್ನ ಚಿಂತೆ. ಇದು ಅಮೆರಿಕದ ವಿಲ್ಲಿಸ್ ಕಂಪನಿ 1956ರಲ್ಲಿ ತಂದ ಗಾಡಿ. ಜೀಪಿನ ಚಾಸಿಸ್ ಮೇಲೇ ಕ್ಯಾಬಿನ್ ಮುಂದಕ್ಕೆ ತಳ್ಳಿ ಮಾಡಿದ್ದು, ವ್ಹೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ, ಬರೀ 81 ಇಂಚು. ಮಹೀಂದ್ರಾದವರು ಅದನ್ನೇ ಇಲ್ಲಿ ಮಾಡಿದರು. ಹಾಗಾಗಿ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಸಾಮಾನು ಬಹಳಷ್ಟು ಹಳೆ ಜೀಪಿನದೇ ಬರುತ್ತದೆ, ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಸಿಗದಿರುವುದು ಕ್ಯಾಬಿನ್ ಸಾಮಾನು: ಮುಂದಿನ ಗಾಜು, ಬಾಗಿಲು, ಅದರ ಹಿಡಿಕೆ. ನಿನ್ನ ಗಾಡಿಯಲ್ಲಿ ಗಾಜು ಇದೆ, ಬಾಗಿಲು ಎರಡೂ ಇವೆ. ನೀನು ಪುಣ್ಯವಂತ. ಅವನ್ನು ಈಗಲೇ ಬಿಚ್ಚಿ ಮನೆಯೊಳಗೆ ಇಡು, ಗೋದಾಮಿನ ಹುಡುಗರು ಅದರ ಮೇಲೆ ಚೀಲ ಒಟ್ಟುವ ಮೊದಲೇ.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಪೆಟ್ರೋಲ್ ಎಂಜಿನ್ ಆಗಿದ್ದರೆ ಬಲು ಗಟ್ಟಿ. ಜಾಮ್ ಆಗಿದ್ದರೆ ಪ್ಲಗ್ ತೆಗೆದು ಡೀಸೆಲ್ ಮತ್ತು ಗೇರ್ ಆಯಿಲ್ ಕಲಸಿ ಒಳಗೆ ಹಾಕಿ ಬಿಡು. ಆಮೇಲೆ ಕೈಯಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್‌ನಿಂದ ನಿಧಾನ ಆಡಿಸು. ಅವಸರ ಮಾಡಿ ಇನ್ನೊಂದು ಗಾಡಿಯಿಂದ ಎಳೆಸಬೇಡ. ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ತಡೆಯುವ ಪೈಪು ಕೇಳಿ ತಗೋ. ಇದರ ಎಂಜಿನ್ ಕ್ಯಾಬಿನ್ ಒಳಗೇ, ಡ್ರೈವರ್ ಪಕ್ಕದಲ್ಲೇ ಇರುವುದು ನೆನಪಿರಲಿ. ಅಲ್ಲಿ ಪೆಟ್ರೋಲ್ ಸೋರುವುದು ಬೇರೆ, ಬಾನೆಟ್ ಕೆಳಗೆ ಸೋರುವುದು ಬೇರೆ.

ಸಣ್ಣ ಸಾಮಾನಿನ ಜಂಗು ತೆಗೆಯಲು ಮಿಷನ್ ಬೇಡ. ಪ್ಲಾಸ್ಟಿಕ್ ಬ್ಯಾರಲ್‌ಗೆ ನೀರು ತುಂಬಿ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕರಗಿಸು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚ ಸಾಕು. ಬ್ಯಾಟರಿ ಚಾರ್ಜರಿನ ಮೈನಸ್ ವೈರು ಜಂಗು ಹಿಡಿದ ಸಾಮಾನಿಗೆ, ಪ್ಲಸ್ ಒಂದು ಹಳೆ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಬಿಟ್ಟರೆ ಬೆಳಿಗ್ಗೆ ಜಂಗು ಕಪ್ಪಗಾಗಿ, ತಂತಿ ಬ್ರಶ್ಶಿಗೆ ಉದುರುತ್ತದೆ. ಪ್ಲಸ್‌ಗೆ ಸ್ಟೀಲ್ ತಟ್ಟೆ, ಚಮಚ ಹಾಕಬೇಡ, ನೀರು ವಿಷವಾಗುತ್ತದೆ. ಬಯಲಲ್ಲೇ ಇಡು, ಬೀಡಿ ಹಚ್ಚುವವರನ್ನು ದೂರ ಇಡು, ಹೈಡ್ರೋಜನ್ ಬರುತ್ತಿರುತ್ತದೆ. ಸ್ಪ್ರಿಂಗುಗಳನ್ನು ಮಾತ್ರ ಅದರಲ್ಲಿ ಹಾಕಬೇಡ, ಪೆಡಸಾಗಿ ಮುರಿಯಬಹುದು. ನಮ್ಮವ್ವ ಆ ಬ್ಯಾರಲ್ ನೋಡಿ, ಇದರಲ್ಲಿ ಏನು ಉಪ್ಪಿನಕಾಯಿ ಹಾಕಿದ್ದೀಯೋ ಅಂತ ಕೇಳಿದ್ದಳು.

ತಗಡಿನ ಕೆಲಸಕ್ಕೆ ಸಿಓಟು ಗ್ಯಾಸ್ ಬಳಸುವ ವೈರ್ ವೆಲ್ಡಿಂಗ್ ಇರುವವರನ್ನೇ ಹಿಡಿ, ಸಾದಾ ರಾಡ್ ವೆಲ್ಡಿಂಗ್ ಹಳೆ ತಗಡನ್ನು ತೂತು ಮಾಡುತ್ತದೆ. ಬಣ್ಣ ದೀಪಾವಳಿ ಕಳೆದ ಮೇಲೆ, ಹವಾ ಒಣಗಿದಾಗ. ಸಾದಾ ಎನಾಮೆಲ್ ಸಾಕು. ಗಟ್ಟಿ ಮಾಡುವ ದ್ರವ ಬೆರೆಸಿ ಹೊಡೆಯುವ 2ಕೆ ಬಣ್ಣ ಚೆಂದ, ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಹೊಡೆಯುವಂಥದ್ದಲ್ಲ. ಗೋದಾಮಿನ ಗಾಡಿಗೆ ಕನ್ನಡಿಯಂಥ ಹೊಳಪು ಯಾಕೆ ಬೇಕು ಅಂತಲೂ ನನಗೆ ತಿಳಿಯುವುದಿಲ್ಲ. ಬಾಗಿಲ ಮೇಲೆ ಮಾವಾರ ಅಂಗಡಿ ಹೆಸರು ಮಸುಕಾಗಿ ಕಾಣುತ್ತಿದೆಯಲ್ಲ, ನಾನಾಗಿದ್ದರೆ ಅದನ್ನು ಉಜ್ಜುವುದಿಲ್ಲ.

ಈಗ ನೀನು ಮಾಡಬೇಕಾದದ್ದು ಮೂರೇ. ಆರ್‌ಸಿ ಹುಡುಕು, ಮಣ್ಣು ಕೆರೆ, ಕೆಳಗಿನ ಫೋಟೋ ಕಳಿಸು. ಹಿಂದಿನ ಗಾಲಿಗಳ ಬ್ರೇಕ್ ಡ್ರಮ್ ಬಿಚ್ಚಲು ಈಗಲೇ ಹೋಗಬೇಡ. ಅಲ್ಲಿ ಆಕ್ಸಲ್ ತುದಿ ಮೊನೆಯಾಗಿರುತ್ತದೆ, ಹಬ್ ಅದರ ಮೇಲೆ ಬಿಗಿದು ಕೂತಿರುತ್ತದೆ, ಎಳೆದು ಬಿಚ್ಚುವ ಪುಲ್ಲರ್ ಇಲ್ಲದೆ ಬರುವುದಿಲ್ಲ. ಯಾರಾದರೂ ದೊಡ್ಡ ಸುತ್ತಿಗೆ ಹಿಡಿದು ಬಂದರೆ ಚಹಾ ಕುಡಿಸಿ ಕಳಿಸು. ನನ್ನ ಹತ್ತಿರ ಪುಲ್ಲರ್ ಇದೆ, ಮುಂದಿನ ರವಿವಾರ ಬೆಳಗಿನ ಬಸ್ಸಿಗೆ ತರುತ್ತೇನೆ. ತೂಕ ಜಾಸ್ತಿ, ಬಸ್‌ಸ್ಟ್ಯಾಂಡಿಗೆ ಬೈಕ್ ತಗೊಂಡು ಬಾ.

ನಿನ್ನ
ದೋಸ್ತ, ಧಾರವಾಡ