ಹದಿನಾಲ್ಕು ತಿಂಗಳ ನಂತರ ಮತ್ತೆ ಮರಳಿನ ಮೇಲೆ

ಕಳೆದ ಭಾನುವಾರ, 14 ತಿಂಗಳ ನಂತರ, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಕಡಲತೀರದಲ್ಲಿ ನಮ್ಮ ಕೆಲವು ಕನ್ನಡ ಕುಟುಂಬಗಳು ಸೇರಿ ಆಡುವ ವಾಲಿಬಾಲ್ ಆಟಕ್ಕೆ ನಾನು ಮರಳಿದೆ. ಆಡಿದ್ದು ಒಂದೇ ಸೆಟ್, ಅದನ್ನೂ ಸೋತೆವು. ಆದರೂ ಈ ಮರಳುವಿಕೆಗೆ ಕಾರಣರಾದವರಿಗೆ ಬಾಯಿಮಾತಿನಲ್ಲಿ ವಂದನೆ ಹೇಳಿ ಸುಮ್ಮನಾಗುವುದು ಸರಿಯೆನಿಸದೆ ಇಲ್ಲಿ ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬರನ್ನು ನಾನು ಇದುವರೆಗೆ ಭೇಟಿಯಾಗಿಲ್ಲ. ಅವರು ಈಗ ಆಟದಿಂದ ನಿವೃತ್ತರಾಗಿರುವ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಮಿಸ್ಟಿ ಮೇ-ಟ್ರೇನರ್.

14 ತಿಂಗಳ ಹಿಂದೆ ಆಡುತ್ತಿದ್ದಾಗ, ಜಿಗಿಯಲೆಂದು ಕಾಲೂರಿದಾಗ ಹಿಮ್ಮಡಿಗೆ ಯಾರೋ ಹಿಂದಿನಿಂದ ಒದ್ದಂತಾಗಿ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಮೊದಲು ಹೋದ ಕಡೆ ಉಳುಕೆಂದು ಹೇಳಿ ಐಸ್ ಇಡಲು ಸೂಚಿಸಿ ಕಳುಹಿಸಿದರು. ವಾರದ ಮೇಲೆ ನೋಡಿದ ಇನ್ನೊಬ್ಬ ವೈದ್ಯೆ ನನ್ನನ್ನು ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದರು. ಎಡಪಾದ ಅಲುಗಿತು, ಬಲಪಾದ ಅಲುಗಲಿಲ್ಲ. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲಿಸ್ ಟೆಂಡನ್ ಪೂರ್ತಿ ಹರಿದಿತ್ತು.

ಶಸ್ತ್ರಚಿಕಿತ್ಸೆಯ ನಂತರ, ನಲವತ್ತು ದಾಟಿದವಳಿಗೆ ಇನ್ನೇನು ಆಟವೆಂದು ಗೊಣಗುತ್ತಿದ್ದ ನನಗೆ ಮಿಸ್ಟಿ ಅವರ ಕಥೆ ಹೇಳಿದವರು ಫಿಸಿಯೋಥೆರಪಿಸ್ಟ್. 2008ರ ಆಗಸ್ಟ್‌ನಲ್ಲಿ ಬೀಜಿಂಗ್‌ನ ಸುರಿಯುವ ಮಳೆಯಲ್ಲಿ ಚೀನಾದ ಜೋಡಿಯನ್ನು 21-18, 21-18ರಿಂದ ಸೋಲಿಸಿ ಕೆರ್ರಿ ವಾಲ್ಶ್ ಜೊತೆಗೆ ಎರಡನೆಯ ಒಲಿಂಪಿಕ್ ಚಿನ್ನ ಗೆದ್ದಿದ್ದ, ಸತತ 112 ಪಂದ್ಯಗಳ ಗೆಲುವಿನ ಸರಣಿ ಮುಗಿದು ಕೆಲವೇ ವಾರಗಳಾಗಿದ್ದ ಈ ಆಟಗಾರ್ತಿ, ಅಕ್ಟೋಬರ್‌ನಲ್ಲಿ ಟಿವಿಯ ನೃತ್ಯ ಸ್ಪರ್ಧೆಯೊಂದರ ತಾಲೀಮಿನಲ್ಲಿ ಇದೇ ಅಕಿಲಿಸ್ ಟೆಂಡನ್ ಹರಿದುಕೊಂಡರು. ಆಗ ಅವರಿಗೆ 31 ವರ್ಷ. ಮರಳಿನಲ್ಲಿ ಬೀಳದ ಕಾಲು ಚಪ್ಪಟೆ ನೆಲದ ಮೇಲೆ ಕೈಕೊಟ್ಟಿತೆಂದು ಕೇಳಿ, ಪಾಪ, ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ.

ಅಂದಿನಿಂದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಅವರ ಹಳೆಯ ಪಂದ್ಯಗಳನ್ನು ನೋಡತೊಡಗಿದೆ. ಅವರ ತಂದೆ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ತಂಡದಲ್ಲಿ ಆಡಿದವರು. ಮಗಳು ನಮ್ಮೂರಿನ ಲಾಂಗ್ ಬೀಚ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಆಟಗಾರ್ತಿ, ಆಗಿದ್ದರು. 1998ರಲ್ಲಿ ಆ ತಂಡ ಆಡಿದ 36 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ನಾನೂ ಲಿಫ್ಟರ್ ಆದ್ದರಿಂದ ನನ್ನ ಕಣ್ಣು ಅವರ ಕೈಗಳ ಮೇಲೆಯೇ ಇರುತ್ತಿತ್ತು. ಬೀಚ್ ವಾಲಿಬಾಲ್‌ನಲ್ಲಿ ಒಂದೊಂದು ಕಡೆ ಇಬ್ಬರೇ ಇರುವುದರಿಂದ ಮೊದಲ ಚೆಂಡು ತೆಗೆದವರನ್ನು ಬಿಟ್ಟು ಉಳಿದವರು ಓಡಿಬಂದು ಎರಡನೆಯದನ್ನು ಎತ್ತಿಕೊಡಲೇಬೇಕು. ನೆಟ್ಟಿನ ಬಳಿ ಎತ್ತರದ ಕೆರ್ರಿ ಬ್ಲಾಕ್‌ಗೆ ನಿಂತರೆ ಹಿಂದಿನ ಇಡೀ ಅಂಕಣ ಮಿಸ್ಟಿ ಅವರದು. ಚೆಂಡು ಬೀಳುವ ಜಾಗಕ್ಕೆ ಅವರು ಚೆಂಡಿಗಿಂತ ಮೊದಲೇ ಹೋಗಿ ನಿಂತಿರುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು 2004ರ ಅಥೆನ್ಸ್. 2002ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ತಾಯಿಯ ಚಿತಾಭಸ್ಮವನ್ನು ಜೊತೆಗೆ ಒಯ್ದಿದ್ದ ಅವರು, ಚಿನ್ನ ಗೆದ್ದ ಮೇಲೆ ಅದನ್ನು ಅಂಕಣದ ಮರಳಿನಲ್ಲಿ ಚೆಲ್ಲಿದರು. ಬೀಜಿಂಗ್‌ನಲ್ಲಿಯೂ ಹಾಗೆಯೇ ಮಾಡಿದರು. ಹೊಳೆಯಲ್ಲಿ ಬಿಡುವುದನ್ನು ಕಂಡು ಬೆಳೆದ ನಾನು ಅಂದು ವಿಡಿಯೋ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಗಾಯದ ನಂತರದ ಹಾದಿ ಅವರಿಗೂ ಸಲೀಸಾಗಿರಲಿಲ್ಲ. 2011ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಈ ಜೋಡಿ ಬ್ರೆಜಿಲ್ ಎದುರು ಸೋತಿತು. ಮರುವರ್ಷ ಲಂಡನ್‌ನಲ್ಲಿ ಆಸ್ಟ್ರಿಯಾದ ಸೋದರಿಯರಿಗೆ ಒಂದು ಸೆಟ್ ಬಿಟ್ಟುಕೊಟ್ಟದ್ದನ್ನು ಬಿಟ್ಟರೆ ಮೂರು ಒಲಿಂಪಿಕ್ಸ್‌ಗಳ 21 ಪಂದ್ಯಗಳಲ್ಲಿ ಇವರು ಕಳೆದುಕೊಂಡ ಸೆಟ್ ಮತ್ತೊಂದಿಲ್ಲ. 2012ರ ಆಗಸ್ಟ್ 8ರಂದು ತಮ್ಮದೇ ದೇಶದ ಜೆನ್ನಿಫರ್ ಕೆಸ್ಸಿ ಮತ್ತು ಏಪ್ರಿಲ್ ರಾಸ್ ಅವರನ್ನು 21-16, 21-16ರಿಂದ ಸೋಲಿಸಿ, ಮೂರನೆಯ ಚಿನ್ನದೊಂದಿಗೆ 35ರ ಮಿಸ್ಟಿ ಒಲಿಂಪಿಕ್ ಅಂಕಣಕ್ಕೆ ವಿದಾಯ ಹೇಳಿದರು. ಗೋಡೆ ಹಿಡಿದು ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ ಒಂದೂ ಆಗದೆ ಅತ್ತ ದಿನಗಳಲ್ಲಿ ನಾನು ಹಾಕಿಕೊಂಡು ನೋಡುತ್ತಿದ್ದುದು ಈ ಪಂದ್ಯವನ್ನೇ.

ಮೀನಖಂಡ ಹಿಂಡಿ ಸತ್ಯ ಹೇಳಿದ ವೈದ್ಯೆಗೆ, ನನ್ನ ಗೊಣಗಾಟವನ್ನೆಲ್ಲ ಸಹಿಸಿದ ಫಿಸಿಯೋಥೆರಪಿಸ್ಟ್‌ಗೆ ನಾನು ಋಣಿ. ಅಮೆರಿಕ ನೋಡಲೆಂದು ಆರು ತಿಂಗಳಿಗೆ ಬಂದು, ಒಂದು ಊರನ್ನೂ ಸುತ್ತದೆ ನನ್ನ ಊಟ, ಸ್ನಾನ, ಊರುಗೋಲುಗಳ ಉಸ್ತುವಾರಿಯಲ್ಲಿಯೇ ದಿನ ಕಳೆದ ಅತ್ತೆಯವರಿಗೆ ಯಾವ ಮಾತಿನಲ್ಲಿ ವಂದಿಸಲಿ? ಸೆಟ್ಟುಗಳ ಲೆಕ್ಕ ಬಾರದಿದ್ದರೂ ಅವರು ನನ್ನ ಪಕ್ಕದಲ್ಲಿ ಕುಳಿತು ಎಲ್ಲ ಪಂದ್ಯ ನೋಡಿದರು, ‘ಆ ಗಿಡ್ಡ ಹುಡುಗಿ’ಯ ಪರವಾಗಿ. ಗಿಡ್ಡವೆಂದರೂ ಐದಡಿ ಒಂಬತ್ತು ಅಂಗುಲ. ಕೆರ್ರಿ ಪಕ್ಕದಲ್ಲಿ ಹಾಗೆ ಕಾಣುತ್ತಾರೆ, ಅಷ್ಟೆ.

ಭಾನುವಾರದ ಗೆಳೆಯ ಗೆಳತಿಯರೇ, ಮುಂದಿನ ವಾರ ನೆಟ್ ಕಟ್ಟಲು ನಾನು ಏಳೂವರೆಗೇ ಬಂದಿರುತ್ತೇನೆ. ಇಷ್ಟು ದಿನ ನನ್ನ ಪಾಲಿನ ಕಂಬ ಹೊತ್ತವರು ಅಂದು ದಯವಿಟ್ಟು ತಡವಾಗಿಯೇ ಬನ್ನಿ.